ಉರಿಯುವ ಎಂಜಿನ್ನೂ ಅಯ್ಯನವರ ಮಾತೂ

ಕಳೆದ ಭಾನುವಾರ ದೇವರಮನೆ ಗುಡ್ಡಗಳ ಮೇಲೆ, ಮೋಡದ ಮಟ್ಟದಲ್ಲಿ, ನಾನೊಬ್ಬ ಎಸ್ಟೇಟ್ ಮಾಲೀಕರನ್ನು ಗದರಿಸಿದೆ. ನೆಲದ ಮೇಲೆ, ಪತ್ರಿಕೆಯಲ್ಲಿ ಬರೆದು, ಈ ಕೆಲಸವನ್ನು ವರ್ಷಗಳಿಂದ ಮಾಡುತ್ತಿದ್ದೇನೆ. ಆಕಾಶದಲ್ಲಿ ಇದೇ ಮೊದಲು.

ಕಾಫಿಗೆ ಬೆಲೆ ಬಂದಾಗ ಕೆಲವರು ಕಾರು ಕೊಂಡರು. ಮೂಡಿಗೆರೆ ಕಡೆಯ ಈ ಗೌಡರು ಎರಡು ಎಂಜಿನ್ನಿನ ಪುಟ್ಟ ವಿಮಾನ ಕೊಂಡರು, ಹಾರಿಸುವುದನ್ನೂ ಕಲಿತರು. "ಕಾಡು ನುಂಗಿದೀನಿ ಅಂತ ಬರೀತೀರಲ್ಲ, ಒಂದ್ಸಲ ಮೇಲಿಂದ ನೋಡಿ ಬರೀರಿ ಮಾರಾಯ್ರೇ" ಎಂದು ಆಹ್ವಾನಿಸಿದರು. ಹೋದೆ. (ವಿರೋಧಿಸುವ ಮುನ್ನ ಪರಿಶೀಲಿಸಬೇಕೆಂಬುದು ನನ್ನ ತತ್ತ್ವ. ವಿಮಾನ ಹತ್ತುವ ಆಸೆಯೂ ಇತ್ತೆನ್ನಿ.) ಮುಂದೆ ಎಡಗಡೆ ಗೌಡರು, ಅವರ ಬಲಕ್ಕೆ ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ್ ಶೇಷಪ್ಪ, ಹಿಂದೆ ನಾನು.

ಇದ್ದಕ್ಕಿದ್ದಂತೆ ಸುಟ್ಟ ವಾಸನೆ.

"ಎಡಗಡೆ ಎಂಜಿನ್ನೇ. ವಾರದಿಂದ ಅದರದ್ದೇ ಕಿರಿಕಿರಿ. ಅಲ್ವೇನೋ ಶೇಷಪ್ಪ?" ಎಂದರು ಗೌಡರು.

"ಹೌದಯ್ಯಾ" ಎಂದರು ಶೇಷಪ್ಪ. ಅವರ ಮೊಣಕೈ ಪಕ್ಕದ ಕಿಟಕಿಯಾಚೆ ಬಲಗಡೆಯ ಎಂಜಿನ್ ಧಗಧಗ ಉರಿಯುತ್ತಿತ್ತು!

ಗೌಡರ ಕೈ ಎಡ ಎಂಜಿನ್ನಿನ ಲಿವರ್ ಮೇಲೆ. ಅದನ್ನು ಎಳೆದರೆ ಸರಿಯಿರುವ ಎಂಜಿನ್ ನಿಲ್ಲುತ್ತದೆ, ಉರಿಯುವುದು ಉಳಿಯುತ್ತದೆ, ಮೂವರೂ ಗುಡ್ಡಕ್ಕೆ ಗೊಬ್ಬರವಾಗುತ್ತೇವೆ. ಆದರೇನು? ಅಯ್ಯನವರ ಮಾತಿಗೆ ಎದುರಾಡುವ ಕಲಮು ನಮ್ಮ ಎಸ್ಟೇಟುಗಳ ಸಂವಿಧಾನದಲ್ಲಿ ಎಲ್ಲಿದೆ?

"ತಪ್ಪು! ಬಲಗಡೆ ಬೆಂಕಿ! ಕಿಟಕಿ ನೋಡ್ರೀ!" ಎಂದು ಕಿರುಚಿದೆ.

ಗೌಡರು ಬಗ್ಗಿ ನೋಡಿದರು. ಎಡ ಲಿವರಿನಿಂದ ಕೈ ತೆಗೆದರು. ಬಲ ಎಂಜಿನ್ನಿಗೆ ಹೋಗುವ ಇಂಧನ ನಿಲ್ಲಿಸಿದರು. ಅದರ ಪ್ರೊಪೆಲ್ಲರಿನ ಅಲಗುಗಳು ಗಾಳಿಗೆ ಅಡ್ಡವಾಗದಂತೆ ಚೂರಿಯ ಹಾಗೆ ತಿರುಗಿಸಿದರು. ಕುಡಿಯಲು ಏನೂ ಸಿಗದ ಬೆಂಕಿ ಕೆಮ್ಮಿ ಕೆಮ್ಮಿ ಆರಿತು. ಒಂದೇ ಎಂಜಿನ್ನಿನಲ್ಲಿ, ಎಡಗಾಲನ್ನು ಪೆಡಲ್ ಮೇಲೆ ಒತ್ತಿ ಹಿಡಿದು, ಚಿಕ್ಕಮಗಳೂರಿನಾಚೆಯ ಬಯಲಿನಲ್ಲಿ ಇಳಿಸಿದರು. (ಕಾಡಿನ ಒತ್ತುವರಿ ನೋಡಲು ಪುರುಸೊತ್ತಾಗಲಿಲ್ಲ.)

ಇಳಿದವರೇ ಗೌಡರು ಗುಡುಗಿದರು: "ಕಣ್ಣೆದುರೇ ಉರೀತಿತ್ತಲ್ಲೋ! ಯಾಕ್ ಹೇಳ್ಲಿಲ್ಲ?"

"ತಾವು ಎಡಗಡೆ ಅಂದ್ರಲ್ಲ ಅಯ್ಯಾ. ತಮಗಿಂತ ನಂಗೆ ಹೆಚ್ಚು ಕಾಣುತ್ತಾ?"

ನಾನು ಆ ಬಯಲಿನಲ್ಲೇ ಭಾಷಣ ಆರಂಭಿಸಿದೆ: ಊಳಿಗಮಾನ್ಯ ಮನೋಭಾವ, ಪ್ರಶ್ನಿಸುವ ಹಕ್ಕು, ಮೌನದ ಅಪಾಯ. ಆಶ್ಚರ್ಯವೆಂದರೆ ಗೌಡರು ಪೂರ್ತಿ ಕೇಳಿದರು. "ನೂರಕ್ಕೆ ನೂರು ಸರಿ. ಶೇಷಪ್ಪ, ಇನ್ಮೇಲೆ ನಾನು ತಪ್ಪು ಮಾಡಿದ್ರೆ ಮುಖಕ್ಕೆ ಹೇಳ್ಬೇಕು, ತಿಳೀತಾ?"

ಶೇಷಪ್ಪ ಕೈಕಟ್ಟಿ ನಿಂತು ವಿನಯದಿಂದ ನುಡಿದರು: "ಯಾವ್ ತಪ್ಪು ಹೇಳ್ಬೇಕು ಅಂತ ತಾವು ಮೊದ್ಲೇ ತಿಳಿಸಿಬಿಡಿ ಅಯ್ಯಾ."

ಸುಟ್ಟ ಎಂಜಿನ್ನನ್ನು ಬಿಚ್ಚಿ ನೋಡಲು ಮೆಕಾನಿಕ್ ಬರುತ್ತಾನಂತೆ; ಈ 'ಹೌದಯ್ಯಾ' ಎನ್ನುವ ಮನಸ್ಸನ್ನು ಬಿಚ್ಚಿ ನೋಡುವವರು ಯಾರು?