ನಗೆಕೂಟಕ್ಕೆ ಬರೆದುಕೊಟ್ಟ ಚೀಟಿ

1999ರ ಹೊತ್ತಿಗೆ ನಾನು ಚಾಮರಾಜಪೇಟೆಯಲ್ಲಿ ಕ್ಲಿನಿಕ್ ತೆರೆದು ಹದಿನೆಂಟು ವರ್ಷವಾಗಿತ್ತು. ನಾನು ಮಾಮೂಲಿ ಫ್ಯಾಮಿಲಿ ಡಾಕ್ಟರು. ಜ್ವರ, ಭೇದಿ, ಬಿ.ಪಿ., ಸಕ್ಕರೆ ಕಾಯಿಲೆಯಿಂದ ಹಿಡಿದು ಅತ್ತೆ ಸೊಸೆ ಜಗಳದವರೆಗೆ ಎಲ್ಲಕ್ಕೂ ನನ್ನ ಹತ್ತಿರ ಒಂದು ಉತ್ತರ ಸಿದ್ಧವಾಗಿರುತ್ತಿತ್ತು. ಗೊತ್ತಿಲ್ಲ ಎನ್ನುವ ಅಭ್ಯಾಸವೇ ಇರಲಿಲ್ಲ. ನನ್ನ ಯಜಮಾನರಂತೂ, "ನಿನ್ನ ಪೇಷಂಟುಗಳು ಇಂಜೆಕ್ಷನ್‌ಗೆ ಹೆದರಲ್ಲ ಕಣೇ, ಉಪದೇಶಕ್ಕೆ ಹೆದರ್ತಾರೆ" ಎಂದು ಛೇಡಿಸುತ್ತಿದ್ದರು.

ಆಗ ಬೆಂಗಳೂರಿನ ಪಾರ್ಕುಗಳಲ್ಲಿ ನಗೆಕೂಟಗಳ ಹುಚ್ಚು ಹಬ್ಬುತ್ತಿತ್ತು. ಬಸವನಗುಡಿಯ ಒಂದು ಪಾರ್ಕಿನಲ್ಲಿ ಕೆಲವು ನಿವೃತ್ತರು ಸೇರಿ ಕಟ್ಟಿದ್ದ ಕೂಟಕ್ಕೆ ನಾನು ವೈದ್ಯಕೀಯ ಸಲಹೆಗಾರ್ತಿ. ಬೆಳಗ್ಗೆ ಆರಕ್ಕೆ ಎಲ್ಲರೂ ದುಂಡಗೆ ನಿಂತು, ಎರಡೂ ಕೈ ಮೇಲೆತ್ತಿ, ಕಾರಣವಿಲ್ಲದೆ ಗಟ್ಟಿಯಾಗಿ ನಗಬೇಕು. ಕೂಟಕ್ಕೆ ಇದ್ದದ್ದು ಒಂದೇ ನಿಯಮ, ಅದನ್ನು ಮಾಡಿದವಳು ನಾನೇ. ಅಲ್ಲಿ ಯಾರೂ ದೂರು ಹೇಳಬಾರದು. ಮಂಡಿನೋವು, ಮಲಬದ್ಧತೆ, ಬಾರದ ನಲ್ಲಿ ನೀರು, ಯಾವುದೂ ಬೇಡ. ಹೇಗಿದ್ದೀರಿ ಎಂದು ಕೇಳಿದರೆ "ಸಂತೋಷವಾಗಿದೀನಿ" ಎನ್ನಬೇಕು. ಸಂತೋಷವೆಂದರೆ ಬೆಳಗ್ಗೆ ಎದ್ದ ತಕ್ಷಣ ನಾವೇ ತೆಗೆದುಕೊಳ್ಳುವ ಒಂದು ತೀರ್ಮಾನ ಎಂದು ನಾನು ಕಲ್ಲುಬೆಂಚಿನ ಮೇಲೆ ನಿಂತು ಭಾಷಣ ಬಿಗಿಯುತ್ತಿದ್ದೆ. ಸುಮ್ಮನೆ ಹೇಳುತ್ತಿರಲಿಲ್ಲ, ಮನಸಾರೆ ನಂಬಿದ್ದೆ.

ಆ ವರ್ಷ ಜೂನ್ ತಿಂಗಳಲ್ಲಿ ಅಂಜಿನಪ್ಪನವರು ತಮ್ಮ ಹೆಂಡತಿ ಮುನಿಲಕ್ಷ್ಮಮ್ಮನನ್ನು ಕ್ಲಿನಿಕ್ಕಿಗೆ ಕರೆತಂದರು. ಅವರದು ಕಲಾಸಿಪಾಳ್ಯದಲ್ಲಿ ಈರುಳ್ಳಿ, ಆಲೂಗಡ್ಡೆಯ ಮಂಡಿ. ಆಕೆಗೆ ನಲವತ್ತೆಂಟು ವರ್ಷ. ಗಂಡನ ಸರಿಸಮ ನಿಂತು ಲಾರಿಯವರೊಂದಿಗೆ ಜಗಳ ಕಾಯುತ್ತಿದ್ದ ಗಟ್ಟಿಗಿತ್ತಿ. ಆಕೆಯ ಗಂಟಲು ಬೀದಿಯ ಆ ತುದಿಗೂ ಕೇಳುತ್ತಿತ್ತೆಂದು ಅಂಜಿನಪ್ಪನವರೇ ಹೇಳಿದರು.

"ಈಗ ಮಂಕು ಬಡ್ದಂಗೆ ಕೂತಿರ್ತಾಳೆ ಡಾಕ್ಟ್ರಮ್ಮ. ಕೂಗಿದ್ರೆ ಸುಮಾರು ಹೊತ್ತಾದ್ಮೇಲೆ ಓ ಅಂತಾಳೆ. ಮಂಡಿ ಕಡೆ ತಲೇನೇ ಹಾಕಲ್ಲ."

ಮುಟ್ಟು ನಿಂತು ಒಂದು ವರ್ಷ, ಕಿರಿಯ ಮಗಳ ಮದುವೆಯಾಗಿ ನಾಲ್ಕು ತಿಂಗಳು. ಇದು ವಯಸ್ಸಿನ ಬೇಸರ, ಬರಿದಾದ ಮನೆಯ ಬೇಸರ ಎಂದು ತೀರ್ಮಾನಿಸಲು ನನಗೆ ಅಷ್ಟೇ ಸಾಕಾಯಿತು. ರಕ್ತ ಸ್ವಲ್ಪ ಕಡಿಮೆ ಇತ್ತು, ಕಬ್ಬಿಣಾಂಶದ ಮಾತ್ರೆ ಬರೆದೆ. ಅದರ ಕೆಳಗೆ, ಔಷಧಿ ಬರೆಯುವ ಗತ್ತಿನಲ್ಲೇ, "ನಗೆಕೂಟ, ಬೆಳಗ್ಗೆ 6, ಪ್ರತಿದಿನ" ಎಂದು ಬರೆದೆ.

"ಸಂತೋಷ ಯಾರೋ ತಂದು ಕೊಡೋದಲ್ಲ, ಮುನಿಲಕ್ಷ್ಮಮ್ಮ. ನೀವೇ ಆರಿಸ್ಕೋಬೇಕು" ಎಂದೆ. ಆಕೆ ಚೀಟಿಯನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡರು.

ಮರುದಿನದಿಂದಲೇ ಕೂಟಕ್ಕೆ ಬರತೊಡಗಿದರು, ಒಂದು ದಿನವೂ ತಪ್ಪಿಸಲಿಲ್ಲ. ನಾನು ಭಾನುವಾರ ಮಾತ್ರ ಹೋಗುತ್ತಿದ್ದೆ. ಆಗಸ್ಟ್ ಹೊತ್ತಿಗೆ ಆಕೆಯ ದನಿ ದಪ್ಪವಾಗಿ ಒಡೆದುಹೋಯಿತು. "ಗಂಟಲು ಕಟ್ಟೋ ಹಾಗೆ ನಕ್ಕಿದೀರಿ, ಭೇಷ್" ಎಂದು ನಾನು ಬೆನ್ನು ತಟ್ಟಿದೆ, ಎಲ್ಲರೂ ಚಪ್ಪಾಳೆ ಹೊಡೆದರು. ಅಕ್ಟೋಬರ್‌ನಲ್ಲಿ ಮುಖ ತುಂಬಿಕೊಂಡಿತು. ಕಳೆ ಬಂದಿದೆ ಎಂದೆ. ನವೆಂಬರ್‌ನಲ್ಲಿ ಆಕೆ ಎರಡು ಸ್ವೆಟರು, ಶಾಲು, ಮಂಕಿ ಕ್ಯಾಪ್ ಹಾಕಿಕೊಂಡು ಬರತೊಡಗಿದರು. ಬೆಂಗಳೂರಿನಲ್ಲಿ ಮೋಡ ಕವಿದರೂ ಮಂಕಿ ಕ್ಯಾಪ್ ಹೊರಗೆ ಬರುತ್ತದೆ, ಯಾರಿಗೆ ತಾನೇ ಅನುಮಾನ ಬಂದೀತು. ಪ್ರತಿ ವಾರ ಹೇಗಿದ್ದೀರಿ ಎಂದು ಕೇಳುತ್ತಿದ್ದೆ. ಸಂತೋಷವಾಗಿದ್ದೇನೆ ಎಂದು ಆಕೆ ನಿಧಾನವಾಗಿ ಹೇಳುತ್ತಿದ್ದರು.

ಡಿಸೆಂಬರ್‌ನ ಒಂದು ಭಾನುವಾರ. ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ನಗು ಶುರುವಾಗಿ ಐದು ನಿಮಿಷವಾಗಿರಬಹುದು, ಮುನಿಲಕ್ಷ್ಮಮ್ಮ ಮೆಲ್ಲಗೆ ಹಿಂದೆ ಸರಿದು ಬೆಂಚಿನ ಮೇಲೆ ಕುಳಿತರು. ತಲೆ ಎದೆಯ ಮೇಲೆ ವಾಲಿತು. ಗೊರಕೆ ಕೇಳಿಸಿತು. "ನೋಡ್ರಪ್ಪಾ, ನಗ್ತಾ ನಗ್ತಾ ನಿದ್ದೆ ಹೋದ್ರು" ಎಂದು ಯಾರೋ ಹೇಳಿದ್ದಕ್ಕೆ ಎಲ್ಲರೂ ಮತ್ತಷ್ಟು ನಕ್ಕರು. ನಾನೂ ನಕ್ಕೆ.

ಎಬ್ಬಿಸಲು ಹೋಗಿ ಕೆನ್ನೆ ಮುಟ್ಟಿದೆ. ಚಳಿಗೆ ತಣ್ಣಗಾಗುವ ಕೆನ್ನೆ ಬೇರೆ, ಇದು ಬೇರೆ. ಭುಜ ಹಿಡಿದು ಅಲುಗಿಸಿದೆ, ಏಳಲಿಲ್ಲ. ಗಟ್ಟಿಯಾಗಿ ಚಿವುಟಿದೆ, ಹುಬ್ಬು ಸ್ವಲ್ಪ ಗಂಟಿಕ್ಕಿತು, ಅಷ್ಟೇ. ನಾಡಿ ನಿಮಿಷಕ್ಕೆ ನಲವತ್ನಾಲ್ಕು. ಕಾರಿನಿಂದ ಬ್ಯಾಗು ತರಿಸಿ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟೆ. ಪೂರ್ತಿ ಐದು ನಿಮಿಷ ಕಳೆದರೂ ಪಾದರಸ ಮೇಲೇಳಲೇ ಇಲ್ಲ. ಅದರ ಗೆರೆಗಳು ಶುರುವಾಗುವುದೇ ತೊಂಬತ್ನಾಲ್ಕು ಡಿಗ್ರಿಯಿಂದ. ಕೆಟ್ಟಿರಬೇಕೆಂದು ಕೊಡವಿ ನನ್ನ ಕಂಕುಳಲ್ಲೇ ಇಟ್ಟುಕೊಂಡು ನೋಡಿದೆ. ತೊಂಬತ್ತೇಳು ದಾಟಿತು. ಕೆಟ್ಟಿದ್ದು ಥರ್ಮಾಮೀಟರ್ ಅಲ್ಲ.

ಒಡೆದ ದನಿ, ಊದಿದ ಮುಖ, ಎರಡು ಸ್ವೆಟರು, ಮಂಕು. ಆರು ತಿಂಗಳು ನನ್ನ ಕಣ್ಣೆದುರು ನಡೆದದ್ದೆಲ್ಲ ಒಂದೇ ಕ್ಷಣದಲ್ಲಿ ಒಂದು ಸಾಲಿಗೆ ಬಂತು. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಮೈಯ ಬಿಸಿ, ಗುಂಡಿಗೆಯ ವೇಗ, ಮನಸ್ಸಿನ ಚುರುಕು ಎಲ್ಲವನ್ನೂ ನಡೆಸುತ್ತದೆ. ಅದು ಕೈಕೊಟ್ಟರೆ ಮನುಷ್ಯ ಇಂಚಿಂಚಾಗಿ ನಿಧಾನವಾಗುತ್ತಾನೆ. ಗಮನಿಸದೆ ಬಿಟ್ಟರೆ ಕೊನೆಗೆ ಪ್ರಜ್ಞೆ ತಪ್ಪುತ್ತದೆ. ಇದಕ್ಕೆ ಮಿಕ್ಸಿಡೀಮಾ ಕೋಮಾ ಎನ್ನುತ್ತಾರೆ. ಚಳಿ ಅದನ್ನು ಬೇಗ ಕರೆತರುತ್ತದೆ. ಈ ಸ್ಥಿತಿಗೆ ಬಂದವರಲ್ಲಿ ಉಳಿಯದವರೇ ಬಹಳ ಎಂದು ಓದಿದ್ದೆ. ಅಂಥವರನ್ನು ದಿನಾ ಬೆಳಗ್ಗೆ ಆರಕ್ಕೆ ಇಬ್ಬನಿಯಲ್ಲಿ ನಿಲ್ಲಿಸಿದವಳು ನಾನು.

ನಾಲ್ಕು ಜನ ಎತ್ತಿ ನನ್ನ ಕಾರಿನಲ್ಲಿ ಮಲಗಿಸಿದರು. ಹತ್ತು ನಿಮಿಷದಲ್ಲಿ ಹತ್ತಿರದ ಒಂದು ನರ್ಸಿಂಗ್ ಹೋಮ್ ಸೇರಿದೆವು. ಸುದ್ದಿ ತಿಳಿದು ಅಂಜಿನಪ್ಪನವರೂ ಮಂಡಿಯಿಂದ ಹಾಗೆಯೇ ಓಡಿಬಂದರು. ಅಲ್ಲಿದ್ದ ಫಿಜಿಷಿಯನ್ ನನಗಿಂತ ತುಂಬ ಚಿಕ್ಕವರು, ಚುರುಕಿನವರು. ಸಕ್ಕರೆ ನೋಡಿದರು, ಸರಿಯಿತ್ತು.

"ಸ್ಟ್ರೋಕ್ ಇರ್ಬೇಕು ಮೇಡಂ. ಮೊದ್ಲು ಸ್ಕ್ಯಾನ್‌ಗೆ ಕಳ್ಸೋಣ" ಎಂದರು.

ಸ್ಕ್ಯಾನ್ ಇದ್ದದ್ದು ಬೇರೆ ಕಡೆ. ಆಕೆಯ ಉಸಿರು ಆಗಲೇ ಮೇಲಮೇಲಕ್ಕೆ ಆಡುತ್ತಿತ್ತು, ಹೋಗಿ ಬರುವಷ್ಟು ಹೊತ್ತು ನಿಲ್ಲುತ್ತದೆಂಬ ಧೈರ್ಯ ನನಗಿರಲಿಲ್ಲ. ಇದು ಥೈರಾಯ್ಡ್, ತಕ್ಷಣ ಹಾರ್ಮೋನ್ ಶುರು ಮಾಡಿ ಎಂದೆ. ಅವರು ಒಪ್ಪಲಿಲ್ಲ. ರಕ್ತಪರೀಕ್ಷೆಯ ರಿಪೋರ್ಟ್ ಬರಲು ಎರಡು ದಿನ ಬೇಕು, ನನ್ನ ಊಹೆ ತಪ್ಪಾದರೆ ಆ ಹಾರ್ಮೋನೇ ಗುಂಡಿಗೆಯನ್ನು ಕೆಡಿಸಬಹುದು. ಅವರ ಹಿಂಜರಿಕೆ ನ್ಯಾಯವಾದದ್ದೇ.

"ಇಷ್ಟೊಂದು ಮುಂದುವರ್ದಿದೆ ಅಂದ್ರೆ, ಇಷ್ಟ್ ದಿನ ಇವ್ರನ್ನ ಯಾರು ನೋಡ್ತಿದ್ರು?" ಎಂದು ಕೇಳಿದರು.

ಅಂಜಿನಪ್ಪನವರು ಪಕ್ಕದಲ್ಲೇ ನಿಂತಿದ್ದರು. ಸುಳ್ಳು ಹೇಳುವ ಆಸೆ ಆಗಲಿಲ್ಲ ಎಂದರೆ ಅದೇ ಸುಳ್ಳಾಗುತ್ತದೆ.

"ನಾನೇ. ಜೂನ್‌ನಿಂದ ನೋಡ್ತಿದೀನಿ. ದನಿ ಒಡೀತು, ನಕ್ಕಿದ್ದಕ್ಕೆ ಅಂದ್ಕೊಂಡೆ. ಮುಖ ಊದಿತು, ಕಳೆ ಅಂದ್ಕೊಂಡೆ. ಆರು ತಿಂಗಳಿಂದ ಒಂದೊಂದೇ ಆಗ್ತಾ ಬಂದಿದೆ ಡಾಕ್ಟ್ರೇ, ನಾನು ತಪ್ಪು ತಿಳ್ಕೊಂಡೆ."

ಅಂಜಿನಪ್ಪನವರು ನನ್ನ ಮುಖವನ್ನೇ ನೋಡಿದರು. ಆದರೆ ಆ ತರುಣ ವೈದ್ಯರಿಗೆ ಬೇಕಾದದ್ದು ಸಿಕ್ಕಿತ್ತು. ಸ್ಟ್ರೋಕ್ ಆರು ತಿಂಗಳು ನಡೆದುಕೊಂಡು ಬರುವುದಿಲ್ಲ. ಅವರು ರಬ್ಬರ್ ಸುತ್ತಿಗೆ ತೆಗೆದು ಆಕೆಯ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ತಟ್ಟಿದರು. ಪಾದ ಜಿಗಿಯಿತು, ಆಮೇಲೆ ತನ್ನ ಜಾಗಕ್ಕೆ ಮರಳಲು ತುಂಬ ಹೊತ್ತು ತೆಗೆದುಕೊಂಡಿತು. ಥೈರಾಯ್ಡ್ ಬತ್ತಿದವರಲ್ಲಿ ಕಾಣುವ ಗುರುತು ಅದು. ಮತ್ತೊಂದು ಮಾತಾಡದೆ ರಕ್ತ ತೆಗೆಸಿ, ಮೊದಲು ಸ್ಟೆರಾಯ್ಡ್ ಕೊಡಿಸಿ, ಥೈರಾಕ್ಸಿನ್ ಮಾತ್ರೆಗಳನ್ನು ಪುಡಿಮಾಡಿ ಮೂಗಿನ ಕೊಳವೆಯಿಂದ ಹೊಟ್ಟೆಗೆ ಇಳಿಸಿದರು. ಆ ಹಾರ್ಮೋನ್ ಇಂಜೆಕ್ಷನ್ ರೂಪದಲ್ಲಿ ಆಗ ನಮಗೆ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ಅಂಜಿನಪ್ಪನವರು ಎಲ್ಲಿಂದಲೋ ಬಿಸಿನೀರಿನ ರಬ್ಬರ್ ಚೀಲ ತಂದು ಹೆಂಡತಿಯ ಕಾಲಬಳಿ ಇಡಲು ಹೋದರು. ನಾನು ಕಿತ್ತುಕೊಂಡೆ. ಹೊರಗಿನಿಂದ ಬೇಗ ಬಿಸಿ ಮಾಡಿದರೆ ಚರ್ಮದ ರಕ್ತನಾಳಗಳು ಹಿಗ್ಗಿ ಬಿ.ಪಿ. ಕುಸಿಯುತ್ತದೆ. ಕಂಬಳಿ ಹೊದಿಸಿ ಕಾಯಬೇಕು, ಅಷ್ಟೇ.

"ಇಷ್ಟು ತಣ್ಗವ್ಳೆ, ಬಿಸಿ ಕೊಡಬ್ಯಾಡಿ ಅಂತೀರ. ನಿಮ್ಮಾತು ಕೇಳಿ ಕೇಳೇ ಇಲ್ಲಿಗ್ ಬಂದ್ವಿ" ಎಂದರು. ಅವರು ಹೇಳಿದ ಒಂದೇ ಕಟುಮಾತು ಅದು. ತಲೆ ತಗ್ಗಿಸಿಕೊಂಡೆ, ಚೀಲ ಮಾತ್ರ ಕೊಡಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಪಾದರಸ ತೊಂಬತ್ನಾಲ್ಕರ ಗೆರೆ ಮುಟ್ಟಿತು. ಅಷ್ಟು ವರ್ಷ ಜ್ವರ ಇಳಿಯಲಿ ಎಂದು ಥರ್ಮಾಮೀಟರ್ ನೋಡಿದವಳು, ಏರಲಿ ಎಂದು ಬೇಡಿಕೊಂಡೆ. ಸಂಜೆಗೆ ರಿಪೋರ್ಟ್ ಬಂತು. ಥೈರಾಯ್ಡನ್ನು ಕೆಲಸಕ್ಕೆ ಎಬ್ಬಿಸಲು ತಲೆಯಿಂದ ಬರುವ ಹಾರ್ಮೋನ್ ಟಿ.ಎಸ್.ಎಚ್., ಹೆಚ್ಚೆಂದರೆ ಐದರ ಆಸುಪಾಸಿನಲ್ಲಿರಬೇಕಾದದ್ದು, ನೂರು ದಾಟಿತ್ತು. ಗ್ರಂಥಿ ಪೂರ್ತಿ ಕೆಲಸ ನಿಲ್ಲಿಸಿದೆ ಎಂದು ಅದರ ಅರ್ಥ. ನಾಲ್ಕನೆಯ ದಿನ ಬೆಳಗ್ಗೆ ಮುನಿಲಕ್ಷ್ಮಮ್ಮ ಕಣ್ಣು ಬಿಟ್ಟು ನನ್ನ ಗುರುತು ಹಿಡಿದರು. ಹೇಗಿದ್ದೀರಿ ಎಂದು ಅಭ್ಯಾಸಬಲದಿಂದ ಕೇಳಿಬಿಟ್ಟೆ. ಮೂಗಿನಲ್ಲಿ ಕೊಳವೆ ಇಟ್ಟುಕೊಂಡೇ ಆಕೆ, "ಸಂತೋಷವಾಗಿದೀನಿ ಡಾಕ್ಟ್ರಮ್ಮ" ಎಂದರು. ನಾನು ಹೊರಗೆ ಹೋಗಿ ಅತ್ತೆ.

ಫೆಬ್ರವರಿಯಲ್ಲಿ ಆಕೆ ಒಬ್ಬರೇ ನಡೆದು ಕ್ಲಿನಿಕ್ಕಿಗೆ ಬಂದರು. ಇಷ್ಟೆಲ್ಲ ಚಳಿ, ಸುಸ್ತು ಇದ್ದರೂ ಒಂದು ದಿನವಾದರೂ ನನಗೇಕೆ ಹೇಳಲಿಲ್ಲ ಎಂದು ಕೇಳಿದೆ.

"ದೂರು ಹೇಳ್ಬಾರ್ದು ಅಂತಿದ್ರಲ್ಲ" ಎಂದರು. "ಅಲ್ದೆ, ಎಲ್ರಿಗೂ ಆಗೋದು ನಂಗೊಬ್ಳಿಗೇ ಯಾಕಾಗ್ತಿಲ್ಲ ಅನ್ನುಸ್ತಿತ್ತು. ಸಂತೋಷ ನಾವು ಆರಿಸ್ಕೊಳ್ಳೋದು ಅಂದ್ರೆ, ನಾನೇ ಬ್ಯಾಡ ಅಂತಿದೀನಿ ಅಂತ ತಾನೇ ಅರ್ಥ? ನನ್ ಮನ್ಸೇ ಕೆಟ್ಟದು ಅಂದ್ಕೊಂಡ್ಬಿಟ್ಟಿದ್ದೆ ಡಾಕ್ಟ್ರಮ್ಮ."

ಕ್ಷಮಿಸಿ ಎಂದೆ. ರೋಗಿಯೊಬ್ಬರಿಗೆ ನಾನು ಆ ಮಾತು ಹೇಳಿದ್ದು ಅದೇ ಮೊದಲು.

ಸಂತೋಷವನ್ನು ಆರಿಸಿಕೊಳ್ಳಬಹುದೇ ಎಂದು ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ಕೆಲವರಿಗೆ, ಕೆಲವು ದಿನ, ಸಾಧ್ಯವಿರಬಹುದು. ಆದರೆ ಆರಿಸಿಕೊಳ್ಳುವುದಕ್ಕೂ ಮೈಯಲ್ಲಿ ತ್ರಾಣ ಬೇಕು. ಅದಿಲ್ಲದವರಿಗೆ ಆ ಮಾತು ಹೇಳಿದರೆ, ಅವರ ಕಾಯಿಲೆಯನ್ನು ಅವರದೇ ತಪ್ಪೆಂದು ಹೊರಿಸಿದಂತೆ. ದೂರನ್ನು ಪೂರ್ತಿ ಕೇಳುವುದೇ ವೈದ್ಯರ ಮೊದಲ ಕೆಲಸ. ನಾನು ಅದನ್ನೇ ನಿಷೇಧಿಸಿದ್ದೆ.

ನಾನು ಅವರ ಜೀವ ಉಳಿಸಿದೆ ಎಂದು ಆಮೇಲೆ ಕೂಟದವರು ನನಗೆ ಶಾಲು ಹೊದಿಸಲು ಬಂದರು. ಬೇಡವೆಂದೆ. ಆಕೆ ಬಿದ್ದದ್ದು ಭಾನುವಾರವಾದ್ದರಿಂದ ಉಳಿದರು. ಮಾರನೆಯ ದಿನ ಬಿದ್ದಿದ್ದರೆ ನಾನು ಅಲ್ಲಿರುತ್ತಿರಲಿಲ್ಲ. ನಿದ್ದೆ ಹೋಗಿದ್ದಾರೆ ಎಂದುಕೊಂಡು, ಎಲ್ಲರೂ ಅವರ ಸುತ್ತ ನಗುತ್ತಲೇ ಇರುತ್ತಿದ್ದರು.