ಇವತ್ತ ಒಳಗ ಯಾರು ಎದ್ದಾರ?

ಇವತ್ತು ಬೆಳಿಗ್ಗೆ ಪಕ್ಕದ ಫ್ಲಾಟಿನಿಂದ ಶುಂಠಿ ಚಹಾದ ವಾಸನೆ ಬಂತು ನೋಡಿ, ಚಿಕ್ಕಪ್ಪನ ಹೆಂಡತಿ ಸುಧಾ ಕಾಕು ನೆನಪಾದರು. ನಮ್ಮ ಕಾಕಾ ಇಲ್ಲೇ, ತೆಲುಗು ಸೀಮೆಯ ಬಾಲಾನಗರದ ಕಾರ್ಖಾನೆಯೊಂದರಲ್ಲಿದ್ದರು. ಅವರು ಡ್ಯೂಟಿಗೆ ಹೊರಟ ಮೇಲೆ ಕಾಕು ಚಹಾದ ಕಪ್ಪು ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದರು. ಜಪಮಣಿಯಿಲ್ಲ, ಮಂತ್ರವಿಲ್ಲ. ಏಕಾದಶಿಯಂದೂ ಉಳ್ಳಾಗಡ್ಡಿ ಹೆಚ್ಚುವ ಹೆಂಗಸು ಧ್ಯಾನ ಮಾಡುತ್ತಾರೆಂದು ನಂಬುವುದು ಹೇಗೆ? ಅಧ್ಯಾತ್ಮವೆಂದರೆ ಮಠದವರಿಗೂ ಪೆನ್ಶನ್ ಆದವರಿಗೂ ಸೇರಿದ್ದು ಎಂದುಕೊಂಡಿದ್ದ, ಅವರ ಮನೆಯಲ್ಲಿದ್ದು ಓದುತ್ತಿದ್ದ ಕಾಲೇಜು ಹುಡುಗಿ ಆಗ ನಾನು. ಹೀಗೆ ಕೂತು ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿಯೇಬಿಟ್ಟೆ.

“ಇವತ್ತ ಒಳಗ ಯಾರು ಎದ್ದಾರ ನೋಡಾಕತ್ತೀನಿ,” ಎಂದರು. “ಸಿಟ್ಟು ಎದ್ದಿದ್ರ ಅದನ್ನ ಮೊದಲ ಕೂಡಿಸಿ ಮಾತಾಡಸ್ತೀನಿ. ಇಲ್ಲಾಂದ್ರ ಅದು ಅಡಗಿಮನಿಗೆ ಬಂದು ಭಾಂಡೆ ಕುಟ್ಟತೈತಿ.”

ನಕ್ಕು ಮರೆತೆ.

ಆ ವರ್ಷ ಮದುವೆಯೊಂದರ ಸೀರೆಗೆಂದು ನಾವಿಬ್ಬರೂ ಸುಲ್ತಾನ್ ಬಜಾರಿಗೆ ಹೋದೆವು. ಗದ್ದಲದಲ್ಲಿ ಸ್ಕೂಟರಿನವನೊಬ್ಬ ಕಾಕುಗೆ ಗುದ್ದಿದ. ಬಿದ್ದ ಏಟಿಗೆ ಅವರ ಬಲ ಮಣಿಕಟ್ಟು ಮುರಿಯಿತು. ಜನ ಅವನ ಕಾಲರ್ ಹಿಡಿದರು. ಎತ್ತಿದ ಕೈಗಳೆಲ್ಲ ಕಾಕುವಿನ ಒಂದು ಮಾತಿಗೆ ಕಾಯುತ್ತಿದ್ದಂತಿತ್ತು. ನಾನಂತೂ ಹೊಡೆಯಲಿ ಎಂದೇ ಬಯಸಿದ್ದೆ. ಕಾಕು ನೆಲದಲ್ಲೇ ಕೂತು, ತುಟಿ ಕಚ್ಚಿ, ಕಣ್ಣು ಮುಚ್ಚಿದರು. ಆಮೇಲೆ ಹಿಂದಿಯಲ್ಲಿ, ಅವನನ್ನು ಬಿಡಿ ಎಂದರು. ಅವನಿಗೇ ಆಟೋ ಕರೆಯಲು ಹೇಳಿದರು. ಅವನು ದವಾಖಾನೆಯ ತನಕ ಬಂದ. ಪ್ಲಾಸ್ಟರ್ ಹಾಕುವಾಗ ಅತ್ತವನು ಅವನೇ.

ಸಿಟ್ಟು ಬರಲೇ ಇಲ್ಲವೇ ಎಂದು ಮನೆಗೆ ಬಂದ ಮೇಲೆ ಕೇಳಿದೆ.

“ಭಾಳ ಬಂದಿತ್ತವಾ. ಹೊಡೀರಿ ಅನ್ನೋ ಮಾತು ನಾಲಿಗಿ ಮ್ಯಾಲೇ ಇತ್ತು. ಸಿಟ್ಟು ನನ್ನ ಕೇಳಿ ಬರಲಿಲ್ಲ. ಮಾತಾದ್ರೂ ನನ್ನ ಕೇಳಿ ಹೋಗಲಿ ಅಂತ ಹಿಡಕೊಂಡೆ.”

ಮೂಳೆ ನೆಟ್ಟಗೆ ಕೂಡಲಿಲ್ಲ. ಮೊದಲಿನಂತೆ ರೊಟ್ಟಿ ಬಡಿಯಲಾಗುತ್ತಿರಲಿಲ್ಲ. ರೊಟ್ಟಿಯ ಅಂಚು ಹರಿದಾಗಲೆಲ್ಲ, ಆ ಸ್ಕೂಟರಿನವನನ್ನು ಮತ್ತೊಮ್ಮೆ ಬಿಟ್ಟುಬಿಡಬೇಕಾಗುತ್ತದೆ ಎನ್ನುತ್ತಿದ್ದರು. ಕ್ಷಮೆ ಒಂದೇ ಸಲಕ್ಕೆ ಮುಗಿಯುವ ಕೆಲಸವೆಂದು ತಿಳಿದಿದ್ದ ನನಗೆ ಇದು ಸೋಜಿಗ. ಇದು ಮಠದವರಿಗಷ್ಟೇ ಸೇರಿದ ಕೆಲಸವೂ ಅಲ್ಲ; ದೇವರನ್ನು ನಂಬುವವರಿಗೂ ನಂಬದವರಿಗೂ ರೊಟ್ಟಿ ಹರಿಯುತ್ತದಲ್ಲವೇ?

ಇವತ್ತು ಹೀಗೆ ನೆನೆಯುತ್ತ ನಿಂತಿದ್ದಾಗಲೇ, ಮೇಲಿನ ಮನೆಯವರು ಬಾಲ್ಕನಿ ತೊಳೆದ ನೀರು ನಾನು ಒಣಹಾಕಿದ್ದ ಬಟ್ಟೆಗಳ ಮೇಲೆ ಸುರಿಯಿತು. ದಡದಡ ಮೇಲೆ ಹೋದೆ. ನನ್ನ ತೆಲುಗು ಜಗಳಕ್ಕೆ ಮಾತ್ರ ಸೊಗಸಾಗಿ ಒದಗುತ್ತದೆ. ಮಾತುಗಳನ್ನು ಜೋಡಿಸಿಕೊಂಡೇ ಗಂಟೆ ಒತ್ತಿದೆ. ಒಳಗಿನ ಹೆಜ್ಜೆ ಸಪ್ಪಳ ಹತ್ತಿರವಾಗುವಷ್ಟರಲ್ಲಿ, ಇವುಗಳಲ್ಲಿ ಯಾವುದನ್ನು ಹೊರಗೆ ಬಿಡಲಿ ಎಂಬ ಪ್ರಶ್ನೆ ಎದ್ದಿತು. ಬಾಗಿಲು ತೆರೆದಾಕೆಗೆ, ನೀರು ಕೆಳಗೆ ಬೀಳುತ್ತಿದೆಯಮ್ಮ ಎಂದಷ್ಟೇ ಹೇಳಿದೆ. ಉಳಿದ ಮಾತುಗಳು ಎಲ್ಲಿ ಹೋದವೋ ಎಂದು ಹುಡುಕುತ್ತ ಕೆಳಗಿಳಿದು ಬಂದೆ.