ಹಾಯಿದೋಣಿಗೆ ಜನರೇಟರ್ ಆರಿಸಿದ ನಮ್ಮ ತಂಗಿ

ಕೇಳ್ರೆಪಾ ದೋಸ್ತರ, ಇವತ್ತು ತಂಗಿ ಸುಮಾನ ಜೋಡಿ ರಾಯಚೂರಿನಾಗ ಜನರೇಟರ್ ಅಂಗಡಿಗೆ ಹೋಗಿದ್ದೆ. ಅಕಿ ದೇವದುರ್ಗದ ಹತ್ರ ಕೃಷ್ಣಾ ನದಿಯೊಳಗ ಹುಡುಗ್ಯಾರಿಗೆ ಹಾಯಿದೋಣಿ ನಡಸೋದು ಕಲಸ್ತಾಳ.

ಅಂಗಡಿ ಸಾಹುಕಾರ್ರು ನನ್ನ ಮಾರಿ ನೋಡಿ, "ಮದವಿಗೇನ್ರಿ ಸರ್, ಹೊಲಕ್ಕೇನ್ರಿ?" ಅಂದ್ರು.

"ದೋಣಿಗ್ರಿ," ಅಂದ್ಲು ಸುಮಾ.

ಅವರು ನಕ್ಕು ಮತ್ತ ನನ್ನನ್ನ ಕೇಳಿದ್ರು: "ಗಾಳಿಗೆ ಹೋಗೋ ದೋಣಿಗೆ ಜನರೇಟರ್ ಯಾಕ್ರಿ ಸರ್?"

ಸುಮಾ ಮೊಬೈಲಿನಾಗ ಎರಡು ದೋಣಿ ತೋರಿಸಿದ್ಲು. "ಈ ಸಣ್ಣದು ಇಬ್ಬರಿಗಷ್ಟ. ಇದು ನಾಕು ಮಂದಿದು, ಗಾಳಿ ನಿಂತ್ರ ದಂಡಿಗೆ ಬರಾಕ ಬ್ಯಾಟರಿ ಮೋಟಾರ್ ಅದ. ನಾವು ಇದನ್ನ ಆರಿಸೀವಿ. ಜನರೇಟರ್ ದೋಣ್ಯಾಗ ಚಾಲೂ ಮಾಡಂಗಿಲ್ರಿ, ಹೊಗಿ ಜೀವಕ್ಕ ಕುತ್ತು. ದಂಡಿಗೆ ಇಳಿಸಿ ಬ್ಯಾಟರಿ ಚಾರ್ಜ್ ಮಾಡ್ತೀವಿ."

"ಹಂಗಾರ ಈ ದೊಡ್ಡ ಜನರೇಟರ್ ಒಯ್ರಿ," ಅಂದ್ರು ಸಾಹುಕಾರ್ರು.

"ಅದನ್ನ ದೋಣಿಗೆ ಹತ್ತಿಸಿದ್ರ ಹುಡುಗ್ಯಾರನ್ನ ಇಳಸಬೇಕಾಗ್ತದ್ರಿ," ಅಂದವಳೇ ಮೂಲ್ಯಾಗಿದ್ದ ಸಣ್ಣದನ್ನ ಒಂದ ಕೈಲೆ ಎತ್ತಿದ್ಲು. ಹೊರಗ ಇಟ್ಟು ಚಾಲೂ ಮಾಡಿಸಿ, ಸಪ್ಪಳ ಕೇಳಿ, "ಇದ ಇರ್ಲಿ" ಅಂದ್ಲು.

ಸಾಹುಕಾರ್ರು ಈಗ ಅಕಿ ಕಡೆ ತಿರುಗಿದ್ರು. "ಮೇಡಂ, ನಮ್ಮ ಮಗಳಿಗೂ ಕಲಸ್ತೀರೇನ್ರಿ?"

"ಈಸಾಕ ಬರ್ತದೇನ್ರಿ ಅಕಿಗೆ?"

"ಇಲ್ರಿ."

"ಕಳಸ್ರಿ, ಮೊದಲ ಅದನ್ನ ಕಲಸ್ತೀನಿ."

ನನಗ ದೋಣಿನೂ ತಿಳಿಯಂಗಿಲ್ಲ, ಮೋಟಾರೂ ತಿಳಿಯಂಗಿಲ್ಲ. ಆದ್ರ ಹೊಂಟು ನಿಂತಾಗ, ಯಾರೂ ಕೇಳದಿದ್ರೂ, "ನಾನು ಇಕಿ ಅಣ್ಣರೀ" ಅಂತ ಎರಡೆರಡು ಸಲ ಹೇಳಿ ಬಂದೀನಿ.